ಶೋಕದ ಮನೆಗೆ ಸ್ಮೃತಿಯ ಕಾಣಿಕೆ

ಮರಣ ಸಂಭವಿಸಿದ ಮನೆಯಲ್ಲಿ ಒಲೆ ಹೊತ್ತಿಸುವ ವಾಡಿಕೆಯಿಲ್ಲದುದರಿಂದ ನೆರೆಯವರೂ ಬಂಧುಗಳೂ ಅಡುಗೆ ಮಾಡಿ ತಂದು ಬಡಿಸುವುದೂ, ಮಾತನಾಡಿಸಲೆಂದು ಬಂದವರು ಹೊರಡುವಾಗ ಹೇಳಿಹೋಗದೆ ಮೌನವಾಗಿ ಎದ್ದು ನಡೆಯುವುದೂ ನಮ್ಮ ನಾಡಿನ ಅನೇಕ ಊರುಗಳಲ್ಲಿ ಉಳಿದುಬಂದಿರುವ ಪದ್ಧತಿ. ಆದರೆ ವೈಕುಂಠ ಸಮಾರಾಧನೆ ಮುಗಿದು ಬಂಧುವರ್ಗವೆಲ್ಲ ಚದುರಿದ ಮೇಲೆ ಆ ಕುಟುಂಬಕ್ಕೆ ನಿಜವಾಗಿ ಆಸರೆಯಾಗುವುದು ಅಗಲಿದವರ ನಡೆನುಡಿಯ ಯಾವುದಾದರೊಂದು ನಿರ್ದಿಷ್ಟ ನೆನಪು: ಅವರು ಯಾರ ಮಗನ ಶಾಲೆಯ ಶುಲ್ಕವನ್ನು ಸದ್ದಿಲ್ಲದೆ ತೆತ್ತಿದ್ದರು, ಜಗಲಿಯಲ್ಲಿ ಕುಳಿತು ಯಾವ ಮಾತಿಗೆ ಮನಸಾರೆ ನಕ್ಕಿದ್ದರು ಎಂಬಂಥದು. ಡಿ.ವಿ. ಗುಂಡಪ್ಪನವರು (1887–1975) ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ಪ್ರಸಿದ್ಧರನ್ನೂ ಅಪ್ರಸಿದ್ಧರನ್ನೂ ಜೀವಂತವಾಗಿ ನಿಲ್ಲಿಸಿರುವುದು ಇಂಥ ಸಣ್ಣ ಪ್ರಸಂಗಗಳಿಂದ. ಬರೆಯಬಲ್ಲವರು ತಾವು ಕಂಡುದನ್ನು ಕಾಗದದಲ್ಲಿ ಬರೆದು ಕಳುಹಿಸಲಿ. ತಂದೆಯ ತಾರುಣ್ಯವನ್ನು ಮಕ್ಕಳು ಮೊದಲ ಬಾರಿಗೆ ಅರಿಯುವುದು ಎಷ್ಟೋ ವೇಳೆ ಅಂಥ ಪತ್ರದಿಂದಲೇ.