ಎಲೆಕ್ಟ್ರಾನ್ ಪುಂಜಗಳಲ್ಲಿ ಅನಿಶ್ಚಿತತೆ

ಎಲೆಕ್ಟ್ರಾನ್ ಪುಂಜವೆಂದರೆ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಧಾವಿಸುವ ಎಲೆಕ್ಟ್ರಾನುಗಳ ಪ್ರವಾಹ. ವರ್ನರ್ ಹೈಸನ್‌ಬರ್ಗ್ 1927ರಲ್ಲಿ ಮಂಡಿಸಿದ ಅನಿಶ್ಚಿತತಾ ತತ್ತ್ವದ ಪ್ರಕಾರ, ಎಲೆಕ್ಟ್ರಾನಿನ ಸ್ಥಾನವು ಹೆಚ್ಚು ನಿಖರವಾದಷ್ಟೂ ಅದೇ ದಿಕ್ಕಿನ ಸಂವೇಗವು ಹೆಚ್ಚು ಅನಿಶ್ಚಿತವಾಗುತ್ತದೆ. ಆದ್ದರಿಂದ ಯಾವ ಪುಂಜವನ್ನೂ ಅತಿ ಸಪುರವಾಗಿಯೂ ಪೂರ್ಣ ಸಮಾಂತರವಾಗಿಯೂ ಏಕಕಾಲದಲ್ಲಿ ಇರಿಸಲಾಗದು. ಅಳೆಯುವಾಗ ಎಲೆಕ್ಟ್ರಾನ್ ಕದಲುತ್ತದೆ ಎಂಬ ಜನಪ್ರಿಯ ವಿವರಣೆ ಇಲ್ಲಿ ಸಾಲದು. ಎಲೆಕ್ಟ್ರಾನಿನ ತರಂಗಗುಣವೇ ಇದಕ್ಕೆ ಮೂಲ.

ಸೆಕೆಂಡಿಗೆ 1 ಲಕ್ಷ ಕಿ.ಮೀ. ವೇಗದ ಎಲೆಕ್ಟ್ರಾನಿನ ಅಡ್ಡಸ್ಥಾನವನ್ನು 1 ನ್ಯಾನೊಮೀಟರಿಗೆ ಸೀಮಿತಗೊಳಿಸಿದರೆ, ಅಡ್ಡವೇಗದಲ್ಲಿ ಸೆಕೆಂಡಿಗೆ ಕನಿಷ್ಠ 55 ಕಿ.ಮೀ.ನಷ್ಟು ಅನಿಶ್ಚಿತತೆ ಉಂಟಾಗುತ್ತದೆ. 1 ಮೀಟರ್ ಸಾಗುವಷ್ಟರಲ್ಲಿ ಪುಂಜವು ಅರ್ಧ ಮಿಲಿಮೀಟರಿಗೂ ಹೆಚ್ಚು ಹರಡುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದೇ ವಿವರ್ತನೆಯಾಗಿ ತೋರಿ, ಬಿಂಬದ ಸ್ಪಷ್ಟತೆಗೆ ಮಿತಿ ಹಾಕುತ್ತದೆ.

ಸೌರ ಪುಂಜಗಳ ಸ್ಥಿತಿ ತದ್ವಿರುದ್ಧ. ಸೂರ್ಯನ ಪ್ರಭಾವಲಯದಿಂದ ಸುಮಾರು ಇಷ್ಟೇ ವೇಗದಲ್ಲಿ ಹೊರಡುವ ಎಲೆಕ್ಟ್ರಾನ್ ಪುಂಜಗಳು ಅಲ್ಲಿನ ಪ್ಲಾಸ್ಮಾವನ್ನು ಕಂಪಿಸಿ, 'ಮೂರನೆಯ ಬಗೆ'ಯ ರೇಡಿಯೊ ಸ್ಫೋಟಗಳನ್ನು ಉಂಟುಮಾಡುತ್ತವೆ. ಪುಂಜ ಮೇಲೇರಿದಂತೆ ಪ್ಲಾಸ್ಮಾ ತೆಳುವಾಗುವುದರಿಂದ ಆವರ್ತಾಂಕವು ಥಟ್ಟನೆ ಇಳಿಯುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ರೇಡಿಯೊ ವೀಕ್ಷಣಾಲಯದಲ್ಲಿ 1997ರಿಂದ ಕಾರ್ಯನಿರ್ವಹಿಸುತ್ತಿರುವ ರೇಡಿಯೊ ಹೀಲಿಯೊಗ್ರಾಫ್ ಇಂತಹ ಸ್ಫೋಟಗಳ ಮೂಲವನ್ನು ಚಿತ್ರಿಸಬಲ್ಲದು. ಆರಂಭದಲ್ಲಿ ಕೇವಲ 1 ಮಿಲಿಮೀಟರ್ ಅಗಲವಿದ್ದ ಪುಂಜವನ್ನು ಊಹಿಸಿಕೊಂಡರೂ, ಭೂಮಿಯವರೆಗಿನ 15 ಕೋಟಿ ಕಿ.ಮೀ. ಹಾದಿಯಲ್ಲಿ ಅನಿಶ್ಚಿತತೆಯಿಂದಾಗುವ ಹರಡಿಕೆ ಸುಮಾರು 80 ಮೀಟರ್ ಮಾತ್ರ. ನೈಜ ಪುಂಜಗಳಾದರೋ ಸಾವಿರಾರು ಕಿ.ಮೀ. ಅಗಲವಿರುತ್ತವೆ; ಅವುಗಳ ಚಲನೆಯನ್ನು ನಿರ್ಧರಿಸುವುದು ಕಾಂತಕ್ಷೇತ್ರ ಮತ್ತು ಪ್ಲಾಸ್ಮಾ ಅಲೆಗಳು.