ಟೆಂಪೋದಲ್ಲಿ ಮಕ್ಕಳಿಗೆ ಹೇಳುವ ಇಂಗ್ಲಿಷ್

ಕಿರುಪ್ರವಾಸವೆಂದು ಶಿಗ್ಗಾಂವದಿಂದ ಬಾಡದ ಕನಕದಾಸರ ಅರಮನೆಗೋ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೋ ಮಕ್ಕಳನ್ನು ಕರೆದೊಯ್ಯುವಾಗ ಪ್ರಶಿಕ್ಷಣಾರ್ಥಿಗಳ ಬಾಯಲ್ಲಿ ಬರುವ ವಾಕ್ಯ: ‘ಡೋಂಟ್ ಡು ನಾಯ್ಸ್’. ಇದು ‘ಗದ್ಲ ಮಾಡಬ್ಯಾಡ್ರಿ’ ಎಂಬುದರ ಪಡಿಯಚ್ಚು. ನಮ್ಮ ‘ಮಾಡು’ ಇಂಗ್ಲಿಷಿನ ‘ಡು’, ‘ಮೇಕ್’ ಎರಡರ ಕೆಲಸವನ್ನೂ ಮಾಡುತ್ತದೆ. ಅಲ್ಲಿ ನಾಯ್ಸ್ ಜೊತೆಗೆ ‘ಮೇಕ್’ ಬರಬೇಕು. ‘ಡೋಂಟ್ ಮೇಕ್ ಎ ನಾಯ್ಸ್’ ಸರಿ. ಆದರೆ ಇಂಗ್ಲಿಷ್ ಮನೆಮಾತಾಗಿರುವವರು ಗಾಡಿಯಲ್ಲಿ ಸಹಜವಾಗಿ ಹೇಳುವುದು, ದನಿ ತಗ್ಗಿಸಲು ‘ಕೀಪ್ ಇಟ್ ಡೌನ್’, ಕುಣಿದಾಟ ನಿಲ್ಲಿಸಲು ‘ಸೆಟಲ್ ಡೌನ್’.

‘ಬಿಹೇವ್ ಪ್ರಾಪರ್ಲಿ’ ಇನ್ನೊಂದು. ಮಕ್ಕಳಿಗೆ ಹೇಳುವ ‘ಬಿಹೇವ್’ದೊಳಗೇ ‘ಸರಿಯಾಗಿ’ ಅಡಗಿದೆ. ‘ಬಿಹೇವ್ ಯುವರ್‌ಸೆಲ್ಫ್’ ಎಂದರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಒಂದನೆಯ ತರಗತಿಯ ಮಗುವಿಗೆ ಆ ಮಾತಿನಿಂದ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಮಾಡಬೇಕಾದ ಕೆಲಸವನ್ನೇ ಹೆಸರಿಸಿ ಹೇಳುವುದು ಒಳ್ಳೆಯದು.

‘ಕೈ ಹೊರಗ ಹಾಕಬ್ಯಾಡ್ರಿ’ ಎಂಬುದನ್ನು ನೋಡಿ. ‘ಡೋಂಟ್ ಪುಟ್ ಹ್ಯಾಂಡ್ ಔಟ್‌ಸೈಡ್’ ಎಂದಾಗ ಎರಡು ತೊಡಕು. ಯಾರ ಕೈ ಎಂದು ಕನ್ನಡದಲ್ಲಿ ಹೇಳಬೇಕಿಲ್ಲ, ಇಂಗ್ಲಿಷಿನಲ್ಲಿ ‘ಯುವರ್’ ಬೇಕು. ಎರಡನೆಯದು ಅಪಾಯದ್ದು: ಟೆಂಪೋದ ಸದ್ದಿನಲ್ಲಿ ಮೊದಲಿನ ‘ಡೋಂಟ್’ ಕೇಳದೆ ಹೋದರೆ ಉಳಿಯುವುದು ‘ಕೈ ಹೊರಗೆ ಹಾಕು’ ಎಂಬ ಆಜ್ಞೆ! ‘ಕೀಪ್ ಯುವರ್ ಹ್ಯಾಂಡ್ಸ್ ಇನ್‌ಸೈಡ್’ ಎಂದರೆ ಅರ್ಧ ಕೇಳಿದರೂ ಅರ್ಥ ತಿರುಗುಮುರುಗಾಗದು. ಹಾಗೆಯೇ ‘ಡೋಂಟ್ ಸ್ಟ್ಯಾಂಡ್’ ಬದಲು ‘ಸ್ಟೇ ಇನ್ ಯುವರ್ ಸೀಟ್ಸ್’. ಕಾರಾದರೆ ‘ಬಕಲ್ ಅಪ್’. 2019ರ ತಿದ್ದುಪಡಿಯಂತೆ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಹಾಕದಿದ್ದರೆ ಚಾಲಕನಿಗೆ 1,000 ರೂಪಾಯಿ ದಂಡ.

ನಮ್ಮ ‘ಕೂಡ್ರಿ’ಯಲ್ಲಿ ಬಹುವಚನದ ಜೊತೆ ಒಂದಿಷ್ಟು ಮರ್ಯಾದೆಯೂ ಇದೆ. ಇಂಗ್ಲಿಷಿನ ಬರೀ ‘ಸಿಟ್!’ ಅವರು ನಾಯಿಗೆ ಹೇಳುವ ಮಾತು. ‘ಸಿಟ್ ಡೌನ್, ಪ್ಲೀಸ್’ ಎನ್ನಬೇಕು. ಆದರೆ ‘ಕ್ಯಾನ್ ಯು ಸಿಟ್ ಡೌನ್?’ ಎಂದು ಕೇಳಿದರೆ ಮಕ್ಕಳು ‘ಯೆಸ್ ಟೀಚರ್’ ಎಂದು ನಿಂತೇ ಇರಬಹುದು, ಅದು ಅವರ ತಪ್ಪಲ್ಲ.

ಇವನ್ನು ಕಲಿಸುವ ಜಾಗ ಹೆದ್ದಾರಿಯಲ್ಲ, ತರಗತಿ. ಬೆಂಚುಗಳನ್ನು ಟೆಂಪೋದಂತೆ ಜೋಡಿಸಿ, ಒಬ್ಬನನ್ನು ಡ್ರೈವರ್ ಮಾಡಿ, ಹಿಂದಿನ ದಿನವೇ ಆಡಿಸಿ. ಪಾಠಯೋಜನೆಯಲ್ಲಿ ನಾಲ್ಕು ವಾಕ್ಯ ಸಾಕು. ಇನ್ನು ಓಡುವ ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹೋದದ್ದು ಕಂಡರೆ ಇಂಗ್ಲಿಷ್ ಬಿಟ್ಟುಬಿಡಿ. ‘ತಲಿ ಒಳಗ ತಗೋ!’ ಎಂದು ಕೂಗಿರಿ.