ಓಟಗಾರರ ಕಾಲು, ಗುರುವಿನ ಕಣ್ಣು

2008ನೆಯ ಇಸವಿಯ ಆಗಸ್ಟ್ 18ರಂದು ಬೀಜಿಂಗ್ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆದ ಪ್ರಸಂಗವು ನಮ್ಮ ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ಚೀನದೇಶದ ಲಿಯು ಶಿಯಾಂಗ್ ಎಂಬ ಓಟಗಾರನು 110 ಮೀಟರ್ ಹರ್ಡಲ್ಸ್ ಓಟದ ಮೊದಲ ಸುತ್ತಿಗೆ ಬಂದು ನಿಂತಿದ್ದನು. 2004ರಲ್ಲಿ ಅಥೆನ್ಸ್ ನಗರದಲ್ಲಿ 12.91 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಬಂಗಾರದ ಪದಕವನ್ನು ಪಡೆದವನು, 2006ರಲ್ಲಿ 12.88 ಸೆಕೆಂಡುಗಳ ವಿಶ್ವದಾಖಲೆಯನ್ನು ಸ್ಥಾಪಿಸಿದವನು ಇವನೇ. ಕೋಟ್ಯವಧಿ ಜನರು ಅವನ ಎರಡು ಕಾಲುಗಳ ಮೇಲೆ ರಾಷ್ಟ್ರದ ಅಭಿಮಾನವನ್ನೆಲ್ಲ ಹೊರಿಸಿದ್ದರು. ಬೇರೊಬ್ಬ ಸ್ಪರ್ಧಾಳುವು ಸೂಚನೆಗೆ ಮುಂಚೆಯೇ ಹೊರಟದ್ದರಿಂದ ಓಟವು ನಿಂತಿತು. ಅಷ್ಟರಲ್ಲಿ ಲಿಯು ನಾಲ್ಕಾರು ಹೆಜ್ಜೆಗಳನ್ನಿಟ್ಟಿದ್ದನು, ಅಷ್ಟೇ ಸಾಕಾಯಿತು. ಹಿಮ್ಮಡಿಯ ಮೇಲಣ ಸ್ನಾಯುರಜ್ಜುವಿನ ಹಳೆಯ ನೋವು ಅವನನ್ನು ಮುಂದಕ್ಕೆ ಬಿಡಲಿಲ್ಲ. ತೊಡೆಗೆ ಅಂಟಿಸಿದ್ದ ಸಂಖ್ಯೆಯ ಚೀಟಿಯನ್ನು ಕಿತ್ತು, ಕುಂಟುತ್ತ ಒಳಗೆ ನಡೆದುಹೋದನು. ಆಮೇಲೆ ಪತ್ರಕರ್ತರ ಮುಂದೆ ಬಂದು ಕುಳಿತ ಅವನ ಗುರು ಸುನ್ ಹೈಪಿಂಗ್ ಅವರು ಕಣ್ಣೀರಿಟ್ಟರು. ನಾಲ್ಕು ವರ್ಷಗಳ ತರುವಾಯ ಲಂಡನ್ ಒಲಿಂಪಿಕ್ಸಿನಲ್ಲಿ ಲಿಯು ಮೊದಲನೆಯ ಹರ್ಡಲಿಗೇ ಎಡವಿ ಬಿದ್ದನು. ಹಿಮ್ಮಡಿಯ ಸ್ನಾಯುರಜ್ಜು ಹರಿದುಹೋಯಿತು.

ದೂರದಲ್ಲಿ ಕುಳಿತು ಯಾರ ಮೇಲಾದರೂ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಆ ಪ್ರಸಂಗದಿಂದ ಏಳುವ ಪ್ರಶ್ನೆಯನ್ನು ನಾವು ಬದಿಗಿಡಲಾರೆವು. ಓಟಗಾರನ ಗಾಯವು ಕೇವಲ ದೈವಾಧೀನವೋ, ಅಥವಾ ಅದನ್ನು ಮೊದಲೇ ತಡೆಯಬಲ್ಲವನು ಒಬ್ಬನು ಇರುವನೋ? ಇರುವನು, ಅವನೇ ತರಬೇತುದಾರನು ಎಂಬುದು ನಮ್ಮ ಅಭಿಪ್ರಾಯ. ವೈದ್ಯನನ್ನು ನಾವು ಕರೆಯುವುದು ಸಾಮಾನ್ಯವಾಗಿ ಗಾಯವಾದ ಮೇಲೆ. ಅದು ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ. ಬಾಗಿಲ ಬಳಿ ದಿನವೂ ಕಾವಲು ನಿಲ್ಲಬಲ್ಲವನು ಗುರುವೊಬ್ಬನೇ.

ಓಡುವವನು ಎಡವಿ ಬೀಳುವುದು ಆಕಸ್ಮಿಕವಿರಬಹುದು. ಆದರೆ ಓಟಗಾರರ ಗಾಯಗಳಲ್ಲಿ ಬಹುಪಾಲು ಹಾಗೆ ಬಂದವುಗಳಲ್ಲ. ಸಾಲದ ಬಡ್ಡಿಯಂತೆ ದಿನದಿನವೂ ಬೆಳೆದು ಒಂದು ದಿನ ಒಮ್ಮೆಗೇ ವಸೂಲಿಗೆ ಬಂದವುಗಳು. ಮಾಂಸಖಂಡವು ಕೆಲವು ವಾರಗಳ ಸಾಧನೆಗೇ ಬಲಗೊಳ್ಳುತ್ತದೆ. ಸ್ನಾಯುರಜ್ಜುವೂ ಎಲುಬೂ ಅಷ್ಟು ಬೇಗ ಬಲಗೊಳ್ಳುವುದಿಲ್ಲ. ಪ್ರತಿ ಓಟದಲ್ಲಿಯೂ ಎಲುಬಿನಲ್ಲಿ ಅತಿಸೂಕ್ಷ್ಮವಾದ ಬಿರುಕುಗಳುಂಟಾಗುತ್ತವೆ. ವಿಶ್ರಾಂತಿಯ ಕಾಲದಲ್ಲಿ ದೇಹವು ಅವುಗಳನ್ನು ತುಂಬಿಕೊಳ್ಳುತ್ತದೆ. ತುಂಬಿಕೊಳ್ಳಲು ಅವಕಾಶವಿಲ್ಲದಂತೆ ಭಾರವನ್ನು ಏರಿಸುತ್ತ ಹೋದರೆ ಬಿರುಕು ಮುರಿತವಾಗುತ್ತದೆ. ತನ್ನ ಕಾಲಿನಲ್ಲಿ ಹೊಸ ಬಲವನ್ನು ಕಂಡ ತರುಣನು ಇನ್ನೂ ಓಡುವೆನೆನ್ನುತ್ತಾನೆ. ಎಲುಬಿನ ಮಾತು ಅವನಿಗೆ ಕೇಳಿಸದು. ಅದು ಗುರುವಿಗೆ ಕೇಳಿಸಬೇಕು.

ಇಂಥ ಗುರುವೊಬ್ಬರ ಉದಾಹರಣೆಯು ಜಮೈಕ ದ್ವೀಪದಿಂದ ದೊರೆಯುತ್ತದೆ. ಉಸೇನ್ ಬೋಲ್ಟನು 2004ರಲ್ಲಿ, ಹದಿನೇಳರ ವಯಸ್ಸಿನಲ್ಲೇ, 200 ಮೀಟರುಗಳನ್ನು 19.93 ಸೆಕೆಂಡುಗಳಲ್ಲಿ ಓಡಿ ಜಗತ್ತನ್ನು ಬೆರಗುಗೊಳಿಸಿದ್ದನು. ಆದರೆ ಅದೇ ವರ್ಷ ಅಥೆನ್ಸಿನಲ್ಲಿ ಕಾಲಿನ ನೋವಿನಿಂದ ಮೊದಲ ಸುತ್ತಿನಲ್ಲೇ ಹೊರಬಿದ್ದನು. ಹುಟ್ಟಿನಿಂದಲೇ ಅವನ ಬೆನ್ನೆಲುಬು ಪಕ್ಕಕ್ಕೆ ಬಾಗಿದ್ದು, ಅದರ ಪರಿಣಾಮವಾಗಿ ತೊಡೆಯ ಹಿಂಭಾಗದ ಸ್ನಾಯುಗಳು ಪದೇಪದೇ ನೋಯುತ್ತಿದ್ದವು. ಆ ವರ್ಷದ ಕೊನೆಗೆ ಅವನನ್ನು ಕೈಗೆತ್ತಿಕೊಂಡ ಗ್ಲೆನ್ ಮಿಲ್ಸ್ ಅವರು ವೇಗವೊಂದನ್ನೇ ನೋಡದೆ, ಬೆನ್ನು ಮತ್ತು ನಡುವಿನ ಸ್ನಾಯುಗಳನ್ನು ಗಟ್ಟಿಮಾಡಿಸುವ ಹಾಗೂ ಓಟದ ಭಂಗಿಯನ್ನು ತಿದ್ದುವ ಕಾರ್ಯಕ್ಕೆ ತೊಡಗಿದರು. ಫಲವು ಕೂಡಲೇ ಕಾಣಲಿಲ್ಲ. 2005ರಲ್ಲಿ ಹೆಲ್ಸಿಂಕಿಯ ವಿಶ್ವಸ್ಪರ್ಧೆಯ ಅಂತಿಮ ಓಟದಲ್ಲಿ ಬೋಲ್ಟನು ಮತ್ತೆ ನೊಂದು ಎಲ್ಲರಿಗಿಂತ ಹಿಂದೆ ಬಂದನು. ನಿಂದಿಸುವವರು ನಿಂದಿಸಿದರು, ಗುರು ಅವಸರಪಡಲಿಲ್ಲ. 2008ರಲ್ಲಿ, ಲಿಯು ಕುಂಟುತ್ತ ಹೊರಬಂದ ಅದೇ ಕ್ರೀಡಾಂಗಣದಲ್ಲಿ, ಎರಡು ದಿನ ಮುಂಚೆ ಬೋಲ್ಟನು 100 ಮೀಟರುಗಳನ್ನು 9.69 ಸೆಕೆಂಡುಗಳಲ್ಲಿ ಓಡಿದನು. ಎರಡು ದಿನ ತರುವಾಯ 200 ಮೀಟರುಗಳನ್ನು 19.30ರಲ್ಲಿ ಓಡಿದನು. ಜಗತ್ತು ಆ ಸೆಕೆಂಡುಗಳನ್ನು ನೋಡಿತು. ಆ ಸೆಕೆಂಡುಗಳ ಹಿಂದಿದ್ದ ನಾಲ್ಕು ವರ್ಷಗಳ ತಾಳ್ಮೆಯನ್ನು ನೋಡಿದವರು ವಿರಳ.

ಹಾಗಾದರೆ ತರಬೇತುದಾರನು ಮಾಡಬೇಕಾದುದೇನು? ಮೊದಲನೆಯದು ಲೆಕ್ಕ. ಶಿಷ್ಯನು ಈ ವಾರ ಎಷ್ಟು ಓಡಿದನು, ಹಿಂದಿನ ವಾರಕ್ಕಿಂತ ಎಷ್ಟು ಹೆಚ್ಚು, ರಾತ್ರಿ ಎಷ್ಟು ನಿದ್ರಿಸಿದನು, ಬೆಳಿಗ್ಗೆ ಎದ್ದಾಗ ಎಲ್ಲಿ ನೋವಿತ್ತು ಎಂಬುದನ್ನೆಲ್ಲ ಬರೆದಿಡಬೇಕು. ಒಂದು ದಿನ ಕಠಿಣವಾದ ಸಾಧನೆಯಾದರೆ ಮರುದಿನ ಹಗುರವಾಗಿರಬೇಕೆಂಬ ನಿಯಮವನ್ನು ಅಮೆರಿಕೆಯ ಆರಿಗನ್ ವಿಶ್ವವಿದ್ಯಾಲಯದ ಬಿಲ್ ಬೋವರ್‌ಮನ್ ಅವರು ಬಹಳ ಹಿಂದೆಯೇ ಆಚರಣೆಗೆ ತಂದರು. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಹೇಳಿದುದೂ ಇದನ್ನೇ.

ಎರಡನೆಯದು, ಸ್ನಾಯುವನ್ನು ಅದರ ಕೆಲಸಕ್ಕೆ ಅಣಿಗೊಳಿಸುವುದು. ವೇಗವಾಗಿ ಓಡುವಾಗ ಪಾದವು ನೆಲಕ್ಕೆ ತಾಗುವ ಮುನ್ನ ತೊಡೆಯ ಹಿಂಭಾಗದ ಸ್ನಾಯುವು ಹಿಗ್ಗುತ್ತಲೇ ಭಾರವನ್ನೂ ತಡೆಯಬೇಕಾಗುತ್ತದೆ. ಅದು ಹರಿಯುವುದು ಹೆಚ್ಚಾಗಿ ಆ ಕ್ಷಣದಲ್ಲೇ. ಮೊಣಕಾಲೂರಿ ನಿಂತು, ಸಂಗಾತಿಯೊಬ್ಬನು ಹಿಂದಿನಿಂದ ಹರಡುಗಳನ್ನು ಒತ್ತಿ ಹಿಡಿದಿರಲು, ಮೈಯನ್ನು ನೆಟ್ಟಗಿಟ್ಟು ಮೆಲ್ಲಮೆಲ್ಲನೆ ಮುಂದಕ್ಕೆ ಬಾಗುವ ವ್ಯಾಯಾಮವೊಂದುಂಟು. ಕಾಲ್ಚೆಂಡಾಟಗಾರರಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಈ ಸ್ನಾಯುವಿನ ಗಾಯಗಳನ್ನು ಇದು ಸುಮಾರು ಅರ್ಧಕ್ಕೆ ಇಳಿಸಿದೆ. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಮೈ ಬಿಸಿಯಾಗದೆ ಸಾಮು ಮಾಡಗೊಡದ ನಮ್ಮ ಗರಡಿಯ ವಸ್ತಾದನಿಗೆ ಈ ಮಾತು ಹೊಸದಾಗಿ ತೋರದು.

ಮೂರನೆಯದು ಆಹಾರ. ಮೈ ಹಗುರವಾದರೆ ವೇಗ ಹೆಚ್ಚುವುದೆಂದು ಬಗೆದು ಊಟಕ್ಕೆ ಕತ್ತರಿ ಹಾಕುವ ತರಬೇತುದಾರರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಓಡುವ ಹೆಣ್ಣುಮಗಳಿಗೆ ಸಾಕಷ್ಟು ಅನ್ನ ದೊರೆಯದಿದ್ದರೆ ಋತುಚಕ್ರವು ನಿಲ್ಲುತ್ತದೆ. ಅದರ ಬೆನ್ನಲ್ಲೇ ಎಲುಬಿನ ಸತ್ವವು ಇಳಿಯುತ್ತದೆ. ಈ ಅಪಾಯವು ಗಂಡುಮಕ್ಕಳಿಗೂ ಉಂಟೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಎಚ್ಚರಿಸಿದರು. ಸಂಕೋಚದಿಂದ ಈ ವಿಷಯವನ್ನು ಮುಚ್ಚಿಟ್ಟರೆ ಮುರಿಯುವುದು ಹುಡುಗಿಯ ಕಾಲು.

ಇವೆಲ್ಲಕ್ಕಿಂತ ಮುಖ್ಯವಾದುದು ವಿಶ್ವಾಸ. ಹೊಸ ಗಾಯಕ್ಕೆ ಹಳೆಯ ಗಾಯವೇ ದೊಡ್ಡ ಮುನ್ಸೂಚನೆ. ಆದರೆ ನೋವೆಂದರೆ ತಂಡದಿಂದ ತೆಗೆದುಬಿಡುವರೆಂಬ ಭಯವಿರುವಲ್ಲಿ ಶಿಷ್ಯನು ನೋವನ್ನು ಬಚ್ಚಿಡುತ್ತಾನೆ. ಗುರುವಿನ ಮುಂದೆ ನಿರ್ಭಯವಾಗಿ ನೋಯುತ್ತಿದೆಯೆಂದು ಹೇಳಬಲ್ಲವನ ಗಾಯವು ಅರ್ಧ ವಾಸಿಯಾದಂತೆಯೇ ಸರಿ.

ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಲಾಸ್ ಏಂಜಲೀಸಿನಲ್ಲಿ 1984ರಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಪದಕವನ್ನು ಕಳೆದುಕೊಂಡ ಪಿ. ಟಿ. ಉಷಾ ಅವರು 1986ರ ಸಿಯೋಲ್ ಏಷ್ಯನ್ ಕ್ರೀಡೆಗಳಲ್ಲಿ ನಾಲ್ಕು ಬಂಗಾರದ ಪದಕಗಳನ್ನು ತಂದರು. ಎರಡು ವರ್ಷಗಳ ನಂತರ ಅದೇ ನಗರದ ಒಲಿಂಪಿಕ್ಸಿಗೆ ಹಿಮ್ಮಡಿಯ ನೋವಿನೊಂದಿಗೇ ಹೋಗಿ ಮೊದಲ ಸುತ್ತಿನಲ್ಲೇ ಹೊರಬಿದ್ದಾಗ, ನಿನ್ನೆ ಹೊಗಳಿದ ನಾಲಗೆಗಳೇ ಹಳಿದವು. ಹಿಮ್ಮಡಿಯ ಕ್ಷೇಮವನ್ನು ವಿಚಾರಿಸಿದವರೆಷ್ಟು ಮಂದಿ? ಒಬ್ಬನೇ ಬಾಲಕನನ್ನು ಒಂದೇ ದಿನ ಬಿಸಿಲಿನಲ್ಲಿ ನೂರು, ಇನ್ನೂರು, ನಾನ್ನೂರು ಮೀಟರು ಓಡಿಸಿ, ಮೇಲೆ ಉದ್ದ ಜಿಗಿತಕ್ಕೂ ನಿಲ್ಲಿಸಿ, ಶಾಲೆಗೆ ಢಾಲು ಬಂದಿತೆಂದು ಹಿಗ್ಗುವ ಪದ್ಧತಿ ನಮ್ಮ ಊರುಗಳಲ್ಲಿ ಇಂದಿಗೂ ಉಂಟು. ಬೆಳೆಯುವ ವಯಸ್ಸಿನ ಎಲುಬು ಅದರ ಬೆಲೆಯನ್ನು ತೆರುತ್ತದೆ.

1985ರಿಂದ ನಮ್ಮ ಸರ್ಕಾರವು ತರಬೇತುದಾರರನ್ನು ದ್ರೋಣಾಚಾರ್ಯರ ಹೆಸರಿನ ಪ್ರಶಸ್ತಿಯಿಂದ ಗೌರವಿಸುತ್ತ ಬಂದಿದೆ. ಗೌರವವು ಯೋಗ್ಯವೇ. ಆದರೆ ದ್ರೋಣರು ಏಕಲವ್ಯನ ಹೆಬ್ಬೆರಳನ್ನು ದಕ್ಷಿಣೆಯಾಗಿ ಪಡೆದ ಕಥೆಯನ್ನೂ ನಾವು ಮರೆಯಬಾರದು. ಪದಕಗಳನ್ನಷ್ಟೇ ಎಣಿಸಿ ಗುರುವನ್ನು ಅಳೆದರೆ, ಶಿಷ್ಯನ ಮೊಣಕಾಲನ್ನೋ ಹಿಮ್ಮಡಿಯನ್ನೋ ದಕ್ಷಿಣೆಯಾಗಿ ಕೇಳುವಂತೆ ನಾವೇ ಅವನನ್ನು ಪ್ರೇರಿಸಿದಂತಾಗುತ್ತದೆ. ಶಿಷ್ಯರಲ್ಲಿ ಎಷ್ಟು ಮಂದಿ ಐದು ವರ್ಷಗಳ ಮೇಲೂ ಆರೋಗ್ಯದಿಂದ ಓಡುತ್ತಿರುವರೆಂಬುದೂ ಲೆಕ್ಕಕ್ಕೆ ಬರಲಿ. ಜಿಲ್ಲೆಗಳ ತರಬೇತುದಾರರಿಗೂ ಶಾಲೆಗಳ ದೈಹಿಕ ಶಿಕ್ಷಕರಿಗೂ ಈ ವಿದ್ಯೆಯ ಶಿಕ್ಷಣ ದೊರೆಯಲಿ. ಗೆಲ್ಲಬೇಕಾದ ದಿನದಂದೂ ‘ಇಂದು ಓಡಬೇಡ’ ಎನ್ನುವ ಗುರುವಿನ ಬೆನ್ನಿಗೆ ಅಧಿಕಾರಿಗಳು ನಿಲ್ಲಲಿ.

ಎತ್ತಿನ ಹೆಗಲಿನಲ್ಲಿ ಹುಣ್ಣು ಕಂಡರೆ ನಮ್ಮ ಒಕ್ಕಲಿಗನು, ಹೊಲ ಹದಕ್ಕೆ ಬಂದಿದ್ದರೂ, ಅದಕ್ಕೆ ನೊಗ ಹೂಡುವುದಿಲ್ಲ. ನಾಡಿನ ಮಕ್ಕಳಿಗೆ ಅಷ್ಟಾದರೂ ಕರುಣೆ ದೊರೆಯಬೇಡವೆ?